ಪಕ್ಕಕ್ಕಿಟ್ಟ ಚೀಟಿ

ಇಲ್ಲಿ ಸಭೆಯಲ್ಲಿ ಪ್ರಶ್ನೆ ಕೇಳಬೇಕೆಂದರೆ ಬಾಯಿ ಬಿಡಬಾರದು, ಚೀಟಿಯಲ್ಲಿ ಬರೆದು ಮುಂದೆ ಕಳಿಸಬೇಕು. ಜಯನಗರದ ಸಭಾಂಗಣದಲ್ಲಿ ಒಬ್ಬ ಹುಡುಗಿ ಅಂಗೈಯಗಲದ ಕಾಗದ ಕೊಟ್ಟು "ಏನ್ ಡೌಟ್ ಇದ್ರೂ ಇದ್ರಲ್ಲಿ ಬರೀರಿ ಮೇಡಂ" ಎಂದಾಗ, ಪರೀಕ್ಷೆಗೆ ಕೂತವಳ ಹಾಗೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದೆ. ಗುಳೇದಗುಡ್ಡದ ನನ್ನ ಜನರೇ, ನೀವು ನಂಬಲಿಕ್ಕಿಲ್ಲ. ಅಷ್ಟೊಂದು ಜನ ಕೂತಿದ್ದರು, ಒಬ್ಬರೂ ನಡುವೆ ಬಾಯಿ ಹಾಕಲಿಲ್ಲ!

ನಮ್ಮ ಮಗ್ಗದ ಮನೆ ನೆನಪಾಯಿತು. ಅಪ್ಪ ಬಾಗಿಲ ಬೆಳಕಿಗೆ ಕೂತು ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದ. ಯಾವುದೋ ದೇಶದಲ್ಲಿ ಬಾಂಬು ಬಿತ್ತೆಂದರೆ ಚಿಕ್ಕಪ್ಪ ಲಾಳಿ ನಿಲ್ಲಿಸುತ್ತಿದ್ದ. ಕಂಡಿಕೆಗೆ ನೂಲು ಸುತ್ತುತ್ತಿದ್ದ ನೀಲವ್ವ "ಹಂಗಾರ ಆ ಊರಾಗ ಕೂಸುಗಳಿಗೆ ಹಾಲು ಯಾರು ಕೊಡ್ತಾರಪಾ?" ಎಂದು ಓದನ್ನೇ ತಡೆಯುತ್ತಿದ್ದಳು. ಅಲ್ಲಿಂದ ಮಾತು ಅವಳ ತವರಿನ ನೀರಿನ ಜಗಳಕ್ಕೆ ಹೊರಳಿ, ಸುತ್ತಿ ಬಳಸಿ ಮತ್ತೆ ಆ ದೂರದೇಶಕ್ಕೇ ಬರುತ್ತಿತ್ತು. ಪವರ್‌ಲೂಮ್ ಬಂತು, ಆ ಸದ್ದಿನಲ್ಲಿ ಓದು ನಿಂತಿತು. ಆ ಹರಟೆಗಾಗಿ ನನ್ನ ಜೀವ ಇವತ್ತಿಗೂ ಎಳೆಯುತ್ತದೆ.

ರವಿಕೆಯ ಬಟ್ಟೆ ಖಣ ನೇಯುವ ಊರಿನವಳು ನಾನು, ಈಗ ಜರಗನಹಳ್ಳಿಯ ಅಂಗಡಿಯೊಂದರಲ್ಲಿ ರವಿಕೆ ಹೊಲಿಯುತ್ತೇನೆ. ಮನೆಯ ಓನರ್ ಮುನಿಲಕ್ಷ್ಮಮ್ಮ. ಇಲ್ಲಿ ಮನೆ ಮಾಲೀಕರಿಗೆ ಗಂಡಾಗಲಿ ಹೆಣ್ಣಾಗಲಿ ಓನರ್ ಎಂದೇ ಹೆಸರು. ಅವರ ರಾಗಿ ಹೊಲವೆಲ್ಲ ಬಡಾವಣೆಗೆ ಹೋಗಿ, ಉಳಿದ ತುಂಡಿನಲ್ಲಿ ಮೂರು ಅಂತಸ್ತು ಎದ್ದಿದೆ. ಮೊದಲ ದಿನ "ಒಬ್ಳೇನಾ? ನೀರು ಬೆಳಿಗ್ಗೆ ಮಾತ್ರ ಬಿಡೋದು" ಎಂದರು, ಆಮೇಲೆ ಎರಡು ತಿಂಗಳು ಮಾತೇ ಇಲ್ಲ. ಒಂದು ದಿನ ನಾನು ರೊಟ್ಟಿ ಬಡಿಯುವ ಸದ್ದಿಗೆ ಮೇಲೆ ಬಂದು "ಏನಮ್ಮ, ಗೋಡೆ ಒಡೀತಿದೀಯಾ?" ಎಂದು ಕೇಳಿದರು. ಬಿಸಿ ರೊಟ್ಟಿ ಕೈಗಿಟ್ಟೆ. ಮರುದಿನ ಬಟ್ಟಲು ತುಂಬ ಬಸ್ಸಾರು ಬಂತು, ಸೊಪ್ಪು ಕಾಳು ಬೇಯಿಸಿ ಬಸಿದ ನೀರಿನಲ್ಲಿ ಮಾಡುವ ಸಾರು. ನಮ್ಮ ಕಟ್ಟಿನ ಸಾರಿನ ತಂಗಿಯ ಹಾಗಿತ್ತು.

ಆ ಸಭೆಗೆ ನಾನು ಹೋದದ್ದು ತಮ್ಮ ಬಸುವಿಗಾಗಿ. ಕಟ್ಟಡದ ಕೆಲಸಕ್ಕೆಂದು ಕೊಲ್ಲಿಯ ಒಂದು ದೇಶಕ್ಕೆ ಹೋಗಿದ್ದ. ಕರಾರು ಮುಗಿದರೂ ಮಾಲೀಕ ಪಾಸ್‌ಪೋರ್ಟ್ ಹಿಂದಿರುಗಿಸುತ್ತಿರಲಿಲ್ಲ. "ಚಲೋ ಅದೀನಿ ಅಕ್ಕಾ" ಎಂದು ಫೋನಿನಲ್ಲಿ ಹೇಳುತ್ತಿದ್ದ, ದನಿ ಮಾತ್ರ ಬತ್ತಿಹೋಗಿತ್ತು. ಯಾರನ್ನು ಕೇಳುವುದೋ ತಿಳಿಯದೆ ಒದ್ದಾಡುತ್ತಿದ್ದಾಗ ಅಂಗಡಿಗೆ ಬಂದ ಗಿರಾಕಿಯೊಬ್ಬರು ಕರಪತ್ರ ಬಿಟ್ಟುಹೋದರು. ಮಾನವ ಹಕ್ಕು ಮತ್ತು ಅಂತರರಾಷ್ಟ್ರೀಯ ನ್ಯಾಯ, ತಿಂಗಳಿಗೊಂದು ಭಾನುವಾರ ಸಾರ್ವಜನಿಕ ಸಂವಾದ, ಎಲ್ಲರಿಗೂ ಸ್ವಾಗತ. ಎಲ್ಲರಲ್ಲಿ ನಾನೂ ಒಬ್ಬಳಲ್ಲವೇ ಎಂದುಕೊಂಡು ಹೊರಟೆ.

ಮೂರು ಚೀಟಿ ಕೇಳಿ ಪಡೆದು ಕಾಗದವನ್ನೇ ಬರೆದುಬಿಟ್ಟೆ. ಬಸುವಿನ ಹೆಸರು, ಅವನ ಕಂಪನಿ, ಅವ್ವ ಅನ್ನ ಬಿಟ್ಟದ್ದು, ಕೊನೆಗೆ 'ಇಂತಿ ತಮ್ಮ ವಿಶ್ವಾಸಿ' ಎಂದು ಸಹಿ. ಸಭೆ ನಡೆಸುತ್ತಿದ್ದ ಹಿರಿಯರು ಕಣ್ಣಾಡಿಸಿ "ಇದು ಪರ್ಸನಲ್ ಮ್ಯಾಟರ್. ನಾವು ವಿಷಯಕ್ಕೆ ಬರೋಣ" ಎಂದು ಪಕ್ಕಕ್ಕಿಟ್ಟರು. ಕೆಟ್ಟವರೇನಲ್ಲ, ಅವರ ಪದ್ಧತಿ ಅದು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ನೀಲವ್ವನ ಹಾಲಿನ ಪ್ರಶ್ನೆಯನ್ನು ಅಪ್ಪ ಹೀಗೆ ಪಕ್ಕಕ್ಕಿಟ್ಟಿದ್ದರೆ ಅವಳು ಕಂಡಿಕೆ ಎಸೆದು ಹೋಗುತ್ತಿದ್ದಳು. ನಾನು ಕಾಫಿಗೂ ನಿಲ್ಲದೆ ಬಸ್ಸು ಹತ್ತಿದೆ.

ಮುನಿಲಕ್ಷ್ಮಮ್ಮ ಮುಖ ನೋಡಿ ನನ್ನ ಬಾಯಿ ಬಿಡಿಸಿದರು. ಮುಂದಿನ ತಿಂಗಳು "ನಡಿ, ನಾನೂ ಬರ್ತೀನಿ. ಅದೇನ್ ಮೀಟಿಂಗೋ ನೋಡೇಬಿಡಣ" ಎಂದು ಮದುವೆಗೆ ಹೊರಟವರಂತೆ ರೇಷ್ಮೆ ಸೀರೆ ಉಟ್ಟು ಬಂದರು. ಈ ಸಲ ಒಂದೇ ಚೀಟಿ ಬರೆದೆ. ಅದೂ ಪಕ್ಕಕ್ಕೆ ಹೋಯಿತು. ಮುನಿಲಕ್ಷ್ಮಮ್ಮ ಎದ್ದು ನಿಂತರು.

"ಸಾರ್, ಈಗ ಪಕ್ಕಕ್ಕೆ ಇಟ್ರಲ್ಲ, ಆ ಚೀಟಿ ಓದಿ. ಅದು ನಮ್ಮನೆ ಹುಡುಗಿದು."

"ಅಮ್ಮ, ಪರ್ಸನಲ್ ವಿಷಯ ಆಮೇಲೆ ನೋಡೋಣ."

"ಆಮೇಲೆ ಎಲ್ರೂ ಕಾಫಿ ಕುಡ್ದು ಹೊರಟೋಗ್ತಾರೆ ಸಾರ್. ನಮ್ ಜಮೀನ್ ಹೋದಾಗ್ಲೂ ಆಮೇಲೆ ಅಂತಾನೇ ಅಂದಿದ್ರು."

ಅಂದು ಭಾಷಣಕ್ಕೆ ಬಂದಿದ್ದ ವಕೀಲೆ, ತಲೆ ಪೂರ್ತಿ ನರೆತವರು, ಕೈ ಚಾಚಿ ಚೀಟಿ ತೆಗೆದುಕೊಂಡು ಮೈಕಿನಲ್ಲಿ ಓದಿದರು. ನನ್ನ ತಮ್ಮನ ಹೆಸರು ಆ ದೊಡ್ಡ ಸಭಾಂಗಣದಲ್ಲಿ ಕೇಳಿಸಿತು. ಹಿಂದಿನ ಸಾಲಿನಿಂದ ಯಾರೋ "ನಮ್ಮಕ್ಕನ ಮಗನ್ಗೂ ಹಿಂಗೇ ಆಗಿತ್ತು" ಎಂದರು. ಇನ್ನೊಬ್ಬರು ಅವರ ಮಾತಿಗೆ ಅಡ್ಡಬಂದರು, ಮತ್ತೊಬ್ಬರು ಇವರಿಗೆ. ಒಂದೈದು ನಿಮಿಷ ಅದು ನಮ್ಮ ಮಗ್ಗದ ಮನೆಯೇ ಆಗಿತ್ತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

"ದೊಡ್ಡ ಕೋರ್ಟುಗಳು ನಿಮ್ಮ ತಮ್ಮನ ಕೇಸ್ ತಗೊಳಲ್ಲಮ್ಮ, ಸುಳ್ಳು ಹೇಳಲ್ಲ" ಎಂದರು ವಕೀಲೆ. "ಅಲ್ಲಿರೋ ನಮ್ಮ ರಾಯಭಾರ ಕಚೇರಿಗೆ ದೂರು ಬರೆಯೋಣ. ಉತ್ತರ ಬರೋ ತನಕ ಬರೀತಾ ಇರೋಣ."

ಉತ್ತರಕ್ಕೆ ವಿಳಾಸ ಯಾವುದು ಎಂದು ಕೇಳಿದರು. ನಾನು ಗುಳೇದಗುಡ್ಡ ಎನ್ನುವಷ್ಟರಲ್ಲಿ ಮುನಿಲಕ್ಷ್ಮಮ್ಮ "ನಮ್ಮನೇದು ಹಾಕಿ, ನಾನ್ ಮನೇಲೇ ಇರ್ತೀನಿ" ಎಂದು ಬರೆಸಿಯೇಬಿಟ್ಟರು.

ಆರು ಸಲ ಬರೆದೆವು. ಏಳನೆಯದನ್ನು ಬರೆಯುವ ಮೊದಲೇ ಬಸುವಿನ ಫೋನು ಬಂತು, ಪಾಸ್‌ಪೋರ್ಟ್ ಕೈಗೆ ಸಿಕ್ಕಿತ್ತು.

ವಿಮಾನ ನಿಲ್ದಾಣದಲ್ಲಿ ಅವನನ್ನು ತಬ್ಬಿಕೊಂಡಾಗ ಬೆನ್ನಿನ ಎಲುಬು ಕೈಗೆ ತಾಗಿತು. "ನಡಿ, ಮನಿಗೆ ಹೋಗೂಣು" ಎಂದೆ. ಜರಗನಹಳ್ಳಿಯ ಗೇಟಿನಲ್ಲಿ ಮುನಿಲಕ್ಷ್ಮಮ್ಮ ಚೊಂಬು ಹಿಡಿದು ನಿಂತಿದ್ದರು. "ಕಾಲ್ ತೊಳ್ಕೊಂಡ್ ಬಾಪ್ಪ" ಎಂದು ಕರೆದು ಮುದ್ದೆ, ಬಸ್ಸಾರು ಬಡಿಸಿದರು. ಬಸು ತಲೆ ತಗ್ಗಿಸಿ ಉಂಡ. ಅವರು ಒಳಗೆ ಹೋದದ್ದೇ ನನ್ನ ಕಡೆ ಬಾಗಿ ಕೇಳಿದ:

"ಅಕ್ಕಾ, ಮನಿಗೆ ಯಾವಾಗ ಹೋಗೂದು?"

"ನಾಳೆ" ಎಂದೆ. ಟಿಕೆಟ್ ಆಗಲೇ ತೆಗೆಸಿದ್ದೆ. ಅವನದು ಊರಿಗೆ ಹೋಗುವ ಟಿಕೆಟ್. ನನ್ನದು ಹೋಗಿ, ಭಾನುವಾರದ ಸಭೆಯ ಹೊತ್ತಿಗೆ ವಾಪಸು ಬರುವುದು.