ಬಾಗಿಲಿಂದಲೇ ಕಳಿಸಿದ ಬೀಗರು

ನನ್ನ ತಂಗಿಯ ಮಾವನನ್ನು ನಮ್ಮ ಜನರೆದುರು 'ಇವರು ನಮ್ಮ ಬೀಗರು' ಎಂದು ನಾನು ಹೇಳಲಿಲ್ಲ. ಹೇಳಬೇಕಾದವನು ಅಲ್ಲಿ ನಾನೊಬ್ಬನೇ ಇದ್ದೆ — ಹೇಳಲಿಲ್ಲ.

ಅವರ ಹೆಸರು ಎಡ್ಗಾರ್. ಕೆನಡಾದ ಪೂರ್ವದ ಕಡಲ ದಂಡೆಯ ಅಕೇಡಿಯನ್ ಜನ, ಮನೆಮಾತು ಫ್ರೆಂಚ್. ಹರೆಯದಲ್ಲೇ ಟೊರಾಂಟೋಗೆ ಬಂದು ಜೀವಮಾನವೆಲ್ಲ ಬಡಿಗತನ ಮಾಡಿದವರು. ನನ್ನ ತಂಗಿ ಶಾರದಾ ಮೊದಲೇ ಇಲ್ಲಿಗೆ ಬಂದು ಅವರ ಮಗನನ್ನು ಮದುವೆಯಾಗಿದ್ದಳು. ಆಮೇಲೆ ನಾನು ಹುಬ್ಬಳ್ಳಿಯಿಂದ ಬಂದೆ. ಅರ್ಧಕ್ಕೇ ಶಾಲೆ ಬಿಟ್ಟವನು, ಇಂಗ್ಲಿಷೂ ನೆಟ್ಟಗಿಲ್ಲ. ಎಡ್ಗಾರ್ ನನ್ನನ್ನು ಟೊರಾಂಟೋ ಪಕ್ಕದ ಮಾಲ್ಟನ್ನಿನಲ್ಲಿದ್ದ ತಮ್ಮ ವರ್ಕ್‌ಶಾಪಿನಲ್ಲಿ ನಿಲ್ಲಿಸಿಕೊಂಡು, ಕೈ ಹಿಡಿದು ಹಲಗೆ ನುಣುಪಾಗುವಂತೆ ರಂದಾ ಹೊಡೆಯುವುದನ್ನು ಕಲಿಸಿದರು. ನಾನು ಹಲಗೆ ಕೆಡಿಸಿದರೆ, ಚಳಿಗಾಲಕ್ಕೆ ಉರುವಲಾಯಿತು ಬಿಡು ಎಂದು ನಗುತ್ತಿದ್ದರು.

ಅಂಥವರ ಬಗ್ಗೆ ನಾನು ಊರಿನಲ್ಲಿದ್ದ ಅವ್ವನಿಗೆ ಫೋನಿನಲ್ಲಿ ಏನೇನೋ ಸುಳ್ಳು ಹೇಳಿದ್ದೆ — ಬೀಗರದು ದೊಡ್ಡ ಕಂಪನಿ, ಕೈಕೆಳಗೆ ಆಳುಕಾಳು...

2016ರಲ್ಲಿ ಶಾರದಾಗೆ ಹೆಣ್ಣು ಕೂಸು ಹುಟ್ಟಿತು. ಅಜ್ಜನಾದ ಎಡ್ಗಾರ್ ಮೇಪಲ್ ಮರದಲ್ಲಿ ತೊಟ್ಟಿಲು ಮಾಡಿದರು. ಎಲ್ಲಿಯೂ ಸಿಬಿರು ಇರಬಾರದೆಂದು ತಮ್ಮ ಕೆನ್ನೆಯನ್ನೇ ಮರಕ್ಕೆ ಒತ್ತಿ ಒತ್ತಿ ನೋಡುತ್ತಿದ್ದರು. ಹೆಸರಿಡುವ ದಿನ ಅದನ್ನು ಹೆಗಲ ಮೇಲೆ ಹೊತ್ತು ತಂದರು — ಕೆಲಸದ ಪ್ಯಾಂಟು, ಹುಬ್ಬಿನ ತುಂಬ ಮರದ ಪುಡಿ. ಶಾರದಾ ಒಳಗೆ ಕೂಸನ್ನು ಸಿಂಗರಿಸುತ್ತಿದ್ದಳು. ಅವಳ ಗಂಡ ಊಟ ತರಲು ಹೋಗಿದ್ದ. ಬಾಗಿಲಲ್ಲಿ ನಾನು, ನನ್ನ ಪಕ್ಕದಲ್ಲಿ ಗಂಗಕ್ಕ — ನಮ್ಮೂರ ಹಿರಿಯಳು, ಅವ್ವನಿಗೆ ಆಗಾಗ ಫೋನು ಮಾಡುವವಳು.

“ಯಾರಪಾ ಇವ್ರು?”

“ಬಡಿಗ್ಯಾರ ರೀ ಅಕ್ಕಾ... ತೊಟ್ಲಾ ಡೆಲಿವರಿ ಕೊಡಾಕ ಬಂದಾರ.”

“ಹಂಗಾರ ಬರಿಗೈಲೆ ಕಳಸ್ತೀಯೇನೋ ಜಿಪುಣಾ?”

ನಮ್ಮ ಕಡೆ ತೊಟ್ಟಿಲು ಮಾಡಿದ ಬಡಿಗನಿಗೆ ಅಕ್ಕಿ, ಬೆಲ್ಲ, ಕಾಯಿ ಕೊಟ್ಟು, ಟವೆಲ್ ಹೊದಿಸಿ ಬಾಗಿಲಿಂದಲೇ ಕಳಿಸುತ್ತಾರೆ. ಬೀಗರಾದರೆ ಒಳಗೆ ಕೂರಿಸಿ, ಕೂಸನ್ನು ಮೊದಲು ಅವರ ತೊಡೆಯ ಮೇಲೆ ಇಡಬೇಕು. ಗಂಗಕ್ಕ ಪಾಪ, ಬಡಿಗನಿಗೆ ಮಾಡಬೇಕಾದ್ದನ್ನೆಲ್ಲ ಮನಸಾರೆ ಮಾಡಿದಳು. ಅಜ್ಜ ಟೋಪಿ ತೆಗೆದು ತಲೆ ಬಾಗಿದರು, ಕಣ್ಣಲ್ಲಿ ನೀರು. ಬೀಗನೆಂದು ಮರ್ಯಾದೆ ಮಾಡುತ್ತಿದ್ದಾರೆ ಎಂದುಕೊಂಡರು — ನಾನೂ ಅವರಿಗೆ ಹಾಗೆಯೇ ಹೇಳಿದೆ. ಈಗ ಹೆಂಗಸರ ಕಾರ್ಯ, ಸಂಜೆ ಬನ್ನಿ ಎಂದೆ. ಹೋದರು. ಶಾರದಾ ಕೇಳಿದಾಗ, ಅವರಿಗೆ ಅರ್ಜೆಂಟ್ ಕೆಲಸ ಬಂತು ಎಂದೆ. ಅವರ ತೊಟ್ಟಿಲಲ್ಲೇ ಕೂಸಿಗೆ ಹೆಸರಿಟ್ಟರು — ಅವರಿಲ್ಲದೆ.

ಆ ಟವೆಲನ್ನು ಅವರು ವರ್ಕ್‌ಶಾಪಿನ ಗೋಡೆಗೆ ತೂಗು ಹಾಕಿದರು. ಬಂದ ಗಿರಾಕಿಗಳಿಗೆಲ್ಲ ತೋರಿಸುವರು, ನನ್ನ ಸೊಸೆಯ ಜನ ಕೊಟ್ಟದ್ದು ಎಂದು. ಪಕ್ಕದಲ್ಲೇ ನಾನು ತಲೆ ತಗ್ಗಿಸಿ ರಂದಾ ಹೊಡೆಯುತ್ತಿದ್ದೆ. ಎಷ್ಟೋ ಸಲ ಬಾಯಿವರೆಗೆ ಬಂದದ್ದು... ಮತ್ತೆ ಒಳಗೇ ಹೋಯಿತು.

2019ರಲ್ಲಿ ಅವರು ತೀರಿಕೊಂಡರು. ಮಣ್ಣು ಮುಗಿಸಿ ಬಂದು, ಶಾರದಾ ಕಾರಿನಲ್ಲೇ ಕೂತು ಅಂದಳು: “ಒಂದ ಸಮಾಧಾನ ನೋಡಣ್ಣಾ. ನಮ್ಮ ಮಂದಿ ಅವ್ರನ್ನ ಬೀಗ್ರಂತ ಆಕ್ಸೆಪ್ಟ್ ಮಾಡಿದ್ರು. ಸಾಯೂತನಕಾ ಅದನ್ನ ಹೇಳಿ ಖುಷಿ ಪಡ್ತಿದ್ರು.”

ಸುಮ್ಮನಿದ್ದರೆ ಅವಳ ಸಮಾಧಾನ ಉಳಿಯುತ್ತಿತ್ತು. ನನ್ನ ಮರ್ಯಾದೆಯೂ. ಆದರೆ ಅವಳು ನನ್ನನ್ನು ನೋಡಿದ ರೀತಿ — ನಾನೇ ಮಾಡಿಸಿದ ಮರ್ಯಾದೆ ಎಂಬಂತೆ, ಉಪಕಾರ ನೆನೆಯುವ ಹಾಗೆ — ಅದನ್ನು ತಡೆಯಲಾಗಲಿಲ್ಲ.

“ಇಲ್ಲವಾ ಶಾರದಾ,” ಎಂದೆ. “ಅವ್ರು ಬೀಗ್ರಂತ ಯಾರಿಗೂ ಗೊತ್ತಾಗಗೊಡ್ಲಿಲ್ಲ ನಾನು. ಕೆಲಸದಾವ್ರು ಅಂತ ಹೇಳಿ ಬಾಗಲದಾಗಿಂದ ಕಳಿಸ್ದೆ. ಅವ್ರ ಮುಂದ ಕ್ಷಮಾ ಕೇಳೂದಿತ್ತು, ಕೇಳ್ಲಿಲ್ಲ. ನಿನ್ನ ಮುಂದ ಕೇಳ್ತೀನಿ — ತಪ್ಪ ಮಾಡೀನಿ, ಕ್ಷಮಿಸವಾ.”