ಎರಡನೆಯ ಸಂಪುಟದ ಮಂಟೇಸ್ವಾಮಿ

ಚಾಮರಾಜನಗರದ ಒಂದು ಕಾಲೇಜಿನ ಲೈಬ್ರರಿಯಲ್ಲಿ ಅಟೆಂಡರ್ ಆಗಿರುವ ಮಂಟೇಸ್ವಾಮಿಯ ಮನೆಯ ಕಬ್ಬಿಣದ ಬೀರುವಿನಲ್ಲಿ ಹಳೆಯ ಇಂಗ್ಲಿಷ್ ಪುಸ್ತಕಗಳಿವೆ. ಎಲ್ಲವೂ ವಿಕ್ಟೋರಿಯಾ ರಾಣಿಯ ಕಾಲದವು, ಎಲ್ಲವೂ ಮೊದಲ ಮುದ್ರಣದವು. ಎಲ್ಲದರಲ್ಲೂ ಯಾರೋ ಒಬ್ಬ ದೊರೆ ಯಾವುದೋ ನದಿಯ ಮೂಲ ಹುಡುಕಿಕೊಂಡು ಹೋಗುತ್ತಾನೆ. ಮಂಟೇಸ್ವಾಮಿಯ ಹೆಂಡತಿ ಸುಂದ್ರಮ್ಮನ ಸೀರೆಗಳು ಹಗ್ಗದ ಮೇಲಿವೆ.

ಇದು ಶುರುವಾದದ್ದು ಬಸ್ಸು ಕೆಟ್ಟು ನಿಂತದ್ದರಿಂದ. ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ, ಮಾದಣ್ಣನ ಗುಜರಿ ಅಂಗಡಿಯ ಎದುರಿಗೇ ನಿಂತಿತು. ಬೆಟ್ಟದ ಮೇಲಿನ ಹಳೆಯ ಬಂಗಲೆಗಳು ಮಾರಾಟವಾದಾಗ ಅಲ್ಲಿನ ಪುಸ್ತಕಗಳು ಕೊಳಾಯಿ ಪೈಪುಗಳ ಜೊತೆ ಮಾದಣ್ಣನಲ್ಲಿಗೆ ಇಳಿದು ಬರುತ್ತಿದ್ದವು. ಮಂಟೇಸ್ವಾಮಿ ಹೊತ್ತು ಹೋಗಲೆಂದು ಒಂದನ್ನು ತೆಗೆದ. ಒಳಗೊಂದು ಮಡಚಿಟ್ಟ ನಕ್ಷೆ. ಬಿಡಿಸಿದರೆ ನಡುವೆ ಅಂಗೈಯಗಲ ಖಾಲಿ ಜಾಗ, ಅದರ ಮೇಲೆ ‘ಗೊತ್ತಿಲ್ಲ’ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಗೊತ್ತಿಲ್ಲವೆಂದು ಒಪ್ಪಿಕೊಂಡ ಪುಸ್ತಕವನ್ನು ಅವನು ಅದುವರೆಗೆ ನೋಡಿರಲಿಲ್ಲ. ಆಗಲೇ ಲೈಬ್ರರಿಯಲ್ಲಿ ಎಂಟು ವರ್ಷ ಸರ್ವೀಸಾಗಿತ್ತು.

ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಇಂಗ್ಲಿಷಿನಲ್ಲಿ ನಪಾಸಾಗಿದ್ದ ಅವನು ಡಿಕ್ಷನರಿ ಇಟ್ಟುಕೊಂಡು ಹದಿನಾಲ್ಕು ತಿಂಗಳಲ್ಲಿ ಆ ಪುಸ್ತಕ ಮುಗಿಸಿದ. ದೋಣಿ ಮಗುಚುವುದಕ್ಕೆ ಮೂರು ಪದ ಕಲಿತ. ರಜೆ ಅರ್ಜಿಯನ್ನು ಮಾತ್ರ ಈಗಲೂ ಕನ್ನಡದಲ್ಲೇ ಬರೆಯುತ್ತಾನೆ. ಮೊದಲ ಮುದ್ರಣವನ್ನು ಗುರುತಿಸುವುದು ಹೇಗೆಂದು ಲೈಬ್ರೇರಿಯನ್ ರಘುನಾಥ ತೋರಿಸಿಕೊಟ್ಟರು. ಅಲ್ಲಿಂದ ಮುಂದೆ ಮಾದಣ್ಣ ಹಳೆಯ ಪುಸ್ತಕ ಬಂದಾಗಲೆಲ್ಲ ಫೋನ್ ಮಾಡತೊಡಗಿದ.

ಅವುಗಳಲ್ಲಿ ಕ್ಯಾಪ್ಟನ್ ಥಾರ್ನ್‌ಬಿ ಎಂಬವನು ಆಫ್ರಿಕದ ಪ್ರಯಾಣದ ಬಗ್ಗೆ ಬರೆದ ಪುಸ್ತಕವೊಂದಿತ್ತು. ಎರಡು ಸಂಪುಟ, ಮಂಟೇಸ್ವಾಮಿಗೆ ಸಿಕ್ಕಿದ್ದು ಎರಡನೆಯದು ಮಾತ್ರ. ಹಸಿರು ಬಟ್ಟೆಯ ರಟ್ಟು, ಅದರ ಮೇಲೆ ಚಿನ್ನದ ಬಣ್ಣದಲ್ಲಿ ಅಚ್ಚೊತ್ತಿದ ಆನೆ. ಅದು ‘ಹೀಗೆ ಆಕೆಯಿಂದ ತಪ್ಪಿಸಿಕೊಂಡ ಮೇಲೆ’ ಎಂದು ಶುರುವಾಗುತ್ತಿತ್ತು. ಯಾವಾಕೆ, ಏಕೆ ತಪ್ಪಿಸಿಕೊಂಡರು ಎಂಬುದು ತಿಳಿಯದೆ ಮಂಟೇಸ್ವಾಮಿ ಒಂಬತ್ತು ವರ್ಷ ಕಳೆದ.

ಹತ್ತನೆಯ ವರ್ಷ ಮಾದಣ್ಣ ಫೋನ್ ಮಾಡಿದ. “ಭೀಮನಬೀಡಲ್ಲಿ ಕರಿಬಸಮ್ಮ ಅಂತ ಒಬ್ರವ್ರೆ ಕಣ್ಲಾ. ಅವ್ರ ಮನೇಲಿ ನಿಂದೇ ಅಂತದ್ದು, ಹಸ್ರು ಬಟ್ಟೆ, ಚಿನ್ನದ ಆನೆ. ನಮ್ ಹುಡ್ಗ ಗುಜ್ರಿಗೆ ಕೇಳಿದ್ಕೆ ಬಯ್ದು ಕಳ್ಸವ್ರೆ.”

ಭಾನುವಾರ ಮಂಟೇಸ್ವಾಮಿ ಹೋದ. ಕರಿಬಸಮ್ಮನಿಗೆ ಎಪ್ಪತ್ತೈದು ದಾಟಿತ್ತು. ಅವರ ಮಾವನವರು ಬೆಟ್ಟದ ಮೇಲಿನ ದೊರೆಯೊಬ್ಬನಿಗೆ ಗಾಡಿ ಹೊಡೆಯುತ್ತಿದ್ದರಂತೆ. ದೊರೆ ತನ್ನ ದೇಶಕ್ಕೆ ಹೋಗುವಾಗ ಕೊಟ್ಟ ಪುಸ್ತಕವನ್ನು ಯಾವುದೋ ಶಾಸ್ತ್ರವೆಂದು ತಂದು ದೇವರ ಮನೆಯಲ್ಲಿಟ್ಟಿದ್ದರು. ಅಂದಿನಿಂದ ದಿನವೂ ಅದಕ್ಕೆ ವಿಭೂತಿ. ತೆರೆದವರು ಯಾರೂ ಇಲ್ಲ.

“ಯಾವ ಪೈಕಿಯಪ್ಪ?” ಎಂದು ಕರಿಬಸಮ್ಮ ಕೇಳಿದರು. ಮಂಟೇಸ್ವಾಮಿ ಹೇಳಿದ. ಅವರ ಮಗ ಮಲ್ಲೇಶ್ ಬಾಳೆತೋಟದ ಕಡೆ ನೋಡಿದ. ಮಂಟೇಸ್ವಾಮಿಯ ಕಡೆಯವರು ಆ ಮನೆಯಲ್ಲಿ ಜಗಲಿ ದಾಟಿದ್ದಿಲ್ಲ.

“ಪುಸ್ತಕ ಕೊಡಕ್ಕಿಲ್ಲ” ಎಂದರು ಕರಿಬಸಮ್ಮ.

“ಬ್ಯಾಡಿ ಅವ್ವ. ಓದ್ಬುಟ್ಟು ಓಯ್ತೀನಿ.”

“ಏನದೆ ಅದ್ರಲ್ಲಿ?”

“ಅದು ಗೊತ್ತಿಲ್ದೇ ಬಂದಿರದು.”

ಕರಿಬಸಮ್ಮ ಎದ್ದರು. “ಉತ್ಸವ್ದಲ್ಲಿ ದ್ಯಾವ್ರೇ ಈಚೆಗ್ ಬತ್ತನೆ. ಇದ್ಯಾವ ದೊಡ್ದು” ಎಂದು ಪುಸ್ತಕವನ್ನು ತಟ್ಟೆಯಲ್ಲಿಟ್ಟು ಜಗಲಿಗೆ ತಂದರು.

ಥಾರ್ನ್‌ಬಿಯ ಮೊದಲ ಸಂಪುಟವೇ. ಅದೇ ವರ್ಷ, ಅದೇ ಮುದ್ರಣ. ಆದರೆ ಹಾಳೆಗಳ ಅಂಚುಗಳು ಒಂದಕ್ಕೊಂದು ಅಂಟಿಕೊಂಡೇ ಇದ್ದವು. ಆ ಕಾಲದಲ್ಲಿ ಅಚ್ಚಿನ ಹಾಳೆಯನ್ನು ಮಡಚಿ ಹಾಗೇ ಹೊಲಿದು ಮಾರುತ್ತಿದ್ದರು. ಕತ್ತರಿಸಿಕೊಳ್ಳುವುದು ಓದುವವನ ಕೆಲಸ. ನೂರೈವತ್ತು ವರ್ಷದಿಂದ ಯಾರೂ ಕತ್ತರಿಸದ ಪ್ರತಿಯೆಂದರೆ ಸಂಗ್ರಹಕಾರರು ಕಣ್ಣಿಗೊತ್ತಿಕೊಳ್ಳುತ್ತಾರೆ, ಅದಕ್ಕೆ ಚಾಕು ತಾಗಿಸುವುದಿಲ್ಲ. ಮಂಟೇಸ್ವಾಮಿ ಇದನ್ನು ಕರಿಬಸಮ್ಮನಿಗೆ ವಿವರಿಸಿದ.

“ಓದ್ದೆ ಇದ್ರೆ ಬೆಲೆ ಜಾಸ್ತಿಯಾ?”

“ಹೂಂ ಅವ್ವ.”

“ಅದ್ಕೇ ನಮ್ಮನೇಲಿ ಇಷ್ಟ್ ದಿನ ಸುಖ್ವಾಗದೆ” ಎಂದು ಒಳಗೆ ಹೋಗಿ ತರಕಾರಿ ಹೆಚ್ಚುವ ಚಾಕು ತಂದು ಮುಂದಿಟ್ಟರು. ಮಂಟೇಸ್ವಾಮಿ ಕಾಲು ಗಂಟೆ ಚಾಕುವನ್ನೇ ನೋಡಿದ. ಆಮೇಲೆ ಮೊದಲ ಹಾಳೆ ಕತ್ತರಿಸಿದ.

ಪ್ರತಿ ಭಾನುವಾರ ಹೋಗಿ ಓದುತ್ತ, ಓದಿದ್ದನ್ನು ಕನ್ನಡದಲ್ಲಿ ಹೇಳುತ್ತಿದ್ದ. ಕರಿಬಸಮ್ಮ ಅವರೆಕಾಯಿ ಸುಲಿಯುತ್ತ ಕೇಳುತ್ತಿದ್ದರು.

“ಮೂಟೆ ಹೊತ್ತೋರ ಎಸ್ರೇನು?” ಎಂದು ಒಮ್ಮೆ ಕೇಳಿದರು.

“ಬರ್ದಿಲ್ಲ. ಅರವತ್ತೆರಡು ಜನ ಅಂತ ಅದೆ. ಕತ್ತೆ ಎಸ್ರು ಬೆಟ್ಸಿ.”

“ಕತ್ತೆಗೆ ಎಸ್ರದೆ, ಜನಕ್ಕಿಲ್ಲ!”

“ನಮ್ ತಾತನೂ ಪುಣಜನೂರು ಕಾಡಲ್ಲಿ ಶಿಕಾರಿ ದೊರೆಗಳ ಮೂಟೆ ಹೊತ್ತಿದ್ನಂತೆ ಅವ್ವ.”

“ಅವನೆಸ್ರು?”

“ಮಂಟೇಸ್ವಾಮಿ. ಅದ್ನೇ ನಂಗೂ ಇಕ್ಕವ್ರೆ.”

ಕರಿಬಸಮ್ಮ ಅವತ್ತು ಮುಂದಕ್ಕೆ ಓದಲು ಬಿಡಲಿಲ್ಲ. ನಿನ್ನ ತಾತನ ಕತೆ ಹೇಳು, ಕ್ಯಾಪ್ಟನ್ ಒಂದು ವಾರ ಕಾಯಲಿ ಎಂದರು.

ಆಷಾಢದ ಒಂದು ಭಾನುವಾರ ಗಾಳಿಯೊಡನೆ ಮಳೆ ಬಂದು ಎರಚಲು ಜಗಲಿಗೆ ಹೊಡೆಯಿತು. “ಒಳಕ್ ಬಾ” ಎಂದರು ಕರಿಬಸಮ್ಮ. ಮಲ್ಲೇಶ್ ತಾಯಿಯ ಮುಖ ನೋಡಿದ. “ಏನ್ಲಾ ನೋಡೀಯೆ? ಪುಸ್ತಕ ನೆನೀತದೆ.” ಮಂಟೇಸ್ವಾಮಿ ಚಪ್ಪಲಿ ಬಿಟ್ಟು ನಡುಮನೆಗೆ ಹೋಗಿ ಕೂತ. ಅವನಿಗೆ ಓದುವ ಸಾಲು ಸಿಗಲು ಸ್ವಲ್ಪ ಹೊತ್ತು ಹಿಡಿಯಿತು. ಮುಂದಿನ ಭಾನುವಾರ ಸುಡು ಬಿಸಿಲಿತ್ತು. ಅವತ್ತೂ ಒಳಗೇ ಕೂತ. ಮಲ್ಲೇಶ್ ಫ್ಯಾನ್ ಹಾಕಿದ.

ದೀಪಾವಳಿಯ ಹೊತ್ತಿಗೆ ಮೊದಲ ಸಂಪುಟ ಮುಗಿಯಿತು. ಕ್ಯಾಪ್ಟನ್ ತಪ್ಪಿಸಿಕೊಂಡಿದ್ದ ಆಕೆ ಒಂದು ಊರಿನ ಯಜಮಾನನ ಮುದಿ ತಾಯಿ. ಕ್ಯಾಪ್ಟನ್ನನ ಕಡೆಯವರು ಸೊರಗಿದ್ದಾರೆಂದು ಸುಗ್ಗಿಯವರೆಗೆ ಇದ್ದು ಉಂಡು ಹೋಗಿ ಎಂದಿದ್ದಳು. ಕ್ಯಾಪ್ಟನ್ ಅದನ್ನು ಸೆರೆಯೆಂದು ತಿಳಿದು ಬೇಲಿ ಹಾರಿದ್ದ.

“ಉಣ್ಣಕ್ಕಿರು ಅಂದ್ರೆ ಓಡೋದ್ನಾ?” ಕರಿಬಸಮ್ಮನಿಗೆ ನಂಬಿಕೆಯೇ ಬರಲಿಲ್ಲ. “ಮುಂದ್ಲುದ್ನ ತಕ್ಕಂಡ್ ಬಾ. ಏನ್ ಗತಿಯಾದ ನೋಡನ.”

ಮಂಟೇಸ್ವಾಮಿ ಎರಡನೆಯ ಸಂಪುಟವನ್ನು ಟವೆಲ್ಲಿನಲ್ಲಿ ಸುತ್ತಿ ತಂದ. “ಜೋಡಿ ಬುಡಿಸ್ಬಾರ್ದು. ಅದ್ರ ಪಕ್ಕ ನೀನೇ ಇಟ್ಬುಡು” ಎಂದರು ಕರಿಬಸಮ್ಮ. ಅವನು ದೇವರ ಮನೆಗೆ ಹೋಗಿ ಇಟ್ಟ. ಅವರು ಅದಕ್ಕೂ ವಿಭೂತಿ ಬಳಿದರು, ಚಿನ್ನದ ಆನೆಯ ಮೇಲೇ. ಮಂಟೇಸ್ವಾಮಿ ಕಣ್ಣು ಮುಚ್ಚಿಕೊಂಡ. ಕೈ ಮುಗಿದನೆಂದು ಅವರು ತಿಳಿದರು.

ಬಿಟ್ಟುಬಂದೆಯೇಕೆ ಎಂದು ರಘುನಾಥ ಕೇಳಿದಾಗ, “ಅಲ್ಲಿ ಕೇಳೋರವ್ರೆ ಸಾರ್” ಎಂದಷ್ಟೇ ಹೇಳಿದ.

ಈಗ ಐದನೆಯ ಅಧ್ಯಾಯ ನಡೆಯುತ್ತಿದೆ. ಸುಂದ್ರಮ್ಮನೂ ಒಮ್ಮೊಮ್ಮೆ ಜೊತೆಗೆ ಹೋಗುತ್ತಾಳೆ. ಕ್ಯಾಪ್ಟನ್ನನಿಗೆ ಬುದ್ಧಿ ಕಮ್ಮಿ ಎಂಬುದು ಅವಳ ಅಭಿಪ್ರಾಯ. ಹಸಿದವನಿಗೆ ಬುದ್ಧಿ ಎಲ್ಲಿಂದ ಬರಬೇಕು ಎಂಬುದು ಕರಿಬಸಮ್ಮನದು. ಇಬ್ಬರೂ ವಾದಕ್ಕೆ ಕೂತರೆ ಓದು ಅರ್ಧ ಪುಟವೂ ಸಾಗುವುದಿಲ್ಲ.