ಹೊಳೆಗೆ ಹಾಕಿದ ಅಕ್ಕಚ್ಚು

ಆಗೆಲ್ಲ ನಮ್ಮ ಮನೆಗೆ ವರ್ಷಕ್ಕೊಮ್ಮೆ ತಪ್ಪದೆ ಬರುವ ನೆಂಟ ಎಂದರೆ ಹೊಳೆ ಒಂದೇ. ಅಪ್ಪ ಕಡಲಾಚೆ ದಮ್ಮಾಮಿನಲ್ಲಿ ಕೆಲಸಕ್ಕಿದ್ದ, ರಜೆ ಸಿಕ್ಕಿದರೆ ಬರುತ್ತಿದ್ದ, ಸಿಗದಿದ್ದರೆ ಫೋನಿನಲ್ಲಿ ಕೆಮ್ಮುತ್ತಿದ್ದ. ಅಮ್ಮ ಪೇಟೆಯ ಜವಳಿ ಅಂಗಡಿಯಲ್ಲಿ ಹಗಲಿಡೀ ಸೀರೆ ಬಿಡಿಸಿ ತೋರಿಸಿ, ಮತ್ತೆ ಮಡಚಿಟ್ಟು, ದೀಪ ಹಚ್ಚುವ ಹೊತ್ತು ಕಳೆದ ಮೇಲೆ ಬಸ್ಸಿಳಿಯುತ್ತಿದ್ದಳು. ಪಡೀಲಿನಿಂದ ಬಂಟ್ವಾಳದ ದಾರಿಯಲ್ಲಿ ಸ್ವಲ್ಪ ಮುಂದೆ ಹೋಗಿ ಬಲಕ್ಕೆ ಇಳಿದರೆ, ರಸ್ತೆ ಮುಗಿದು ನೇತ್ರಾವತಿ ಸಿಗುವ ಜಾಗದಲ್ಲಿ ನಮ್ಮ ಮನೆ. ಶಾಲೆ ಬಿಟ್ಟು ಬಂದರೆ ಅಲ್ಲಿ ನನಗೆ ಅಜ್ಜಿ, ಗೌರಿ ಎಂಬ ದನ, ಮತ್ತೆ ಪಕ್ಕದ ಮನೆಯ ಶಶಿ. ಹತ್ತಿರದಲ್ಲಿ ಬೇರೆ ಮನೆಯೇ ಇರಲಿಲ್ಲ.

ಶಶಿ ಮತ್ತು ನಾನು ಒಂದೇ ಕ್ಲಾಸು. ಅವಳ ಅಪ್ಪ ಬಾಬಣ್ಣ ಹೊಳೆಯಲ್ಲಿ ಮುಳುಗಿ ಮರುವಾಯಿ ಹಿಡಿಯುತ್ತಿದ್ದ. ತಳದ ಕೆಸರಿನಲ್ಲಿ ಹುದುಗಿಕೊಂಡು ಬದುಕುವ ಆ ಚಿಪ್ಪಿನ ಜೀವಿಯ ರುಚಿ ಕರಾವಳಿಯವರಿಗೆ ನಾನು ಹೇಳಬೇಕಾಗಿಲ್ಲ. ತಾಯಿ ಲೀಲಕ್ಕ ಅದನ್ನು ಬುಟ್ಟಿಯಲ್ಲಿ ಹೊತ್ತು ಪಡೀಲಿನ ಮನೆಮನೆಗೆ ಮಾರುತ್ತಿದ್ದಳು. ನೀರು ಇಳಿದ ಹೊತ್ತಿನಲ್ಲಿ ನಾವಿಬ್ಬರೂ ಲಂಗ ಎತ್ತಿ ಕಟ್ಟಿಕೊಂಡು ಮೊಣಕಾಲುದ್ದ ನೀರಿಗೆ ಇಳಿಯುತ್ತಿದ್ದೆವು. ಕಾಲಿನ ಬೆರಳಿನಿಂದಲೇ ಕೆಸರು ಕೆದಕಿ ಮರುವಾಯಿ ಹುಡುಕುವುದು ನಮ್ಮ ಆಟ. ಕೈ ಹಾಕಿದವಳು ಔಟು. ನೀರು ಎಷ್ಟು ಕದಡಿರುತ್ತಿತ್ತು ಎಂದರೆ ನಮ್ಮ ಕಾಲು ನಮಗೇ ಕಾಣುತ್ತಿರಲಿಲ್ಲ. ಸಂಜೆ ಲೀಲಕ್ಕನ ಅಡಿಗೆಮನೆಯಿಂದ ಮರುವಾಯಿ ಪುಂಡಿಯ ಘಮ ಬಂದರೆ ನಾನು ಏನಾದರೂ ನೆವ ಮಾಡಿ ಅಲ್ಲಿಗೆ ಓಡುತ್ತಿದ್ದೆ. ಅಕ್ಕಿಯ ಪುಂಡಿ ಉಂಡೆಗಳ ನಡುವೆ ಬಾಯಿ ಬಿಟ್ಟ ಮರುವಾಯಿ, ಹುರಿದ ತೆಂಗಿನ ಮಸಾಲೆ. ಚಿಪ್ಪಿನಿಂದ ಮಾಂಸ ಹೀರುವಾಗ ಶಬ್ದ ಮಾಡಬಾರದು ಎಂದು ನನ್ನ ಅಮ್ಮ ಹೇಳುತ್ತಿದ್ದಳು. ಶಬ್ದ ಮಾಡದಿದ್ದರೆ ರುಚಿ ಗೊತ್ತಾಗುವುದಿಲ್ಲ ಎಂದು ಬಾಬಣ್ಣ ಹೇಳುತ್ತಿದ್ದ. ನಾನು ಬಾಬಣ್ಣನ ಪಕ್ಷ.

ಅಜ್ಜಿಯದೊಂದು ಕ್ರಮ ಇತ್ತು. ಮಳೆಗಾಲದ ಮೊದಲ ಕೆಂಪು ನೀರು ಇಳಿದು ಬಂದ ದಿನ, ಉಪ್ಪಿನಕಾಯಿಯ ಖಾಲಿ ಬಾಟಲಿಯಲ್ಲಿ ಹೊಳೆಯ ನೀರು ತುಂಬಿಸಿ ಜಗಲಿಯಲ್ಲಿ ಇಡುವುದು. ಬೆಳಗಾಗುವಾಗ ಮಣ್ಣು ತಳಕ್ಕೆ ಕೂತು ಮೇಲೆ ತಿಳಿ ನಿಂತಿರುತ್ತಿತ್ತು. ಆ ಮಣ್ಣಿಗೆ ಬೆರಳು ಅಡ್ಡ ಹಿಡಿದು ಅಳೆಯಬೇಕು. ಅರ್ಧ ಬೆರಳು ಇದ್ದರೆ ಆ ವರ್ಷ ಮರುವಾಯಿಗೆ ಕೊರತೆಯಿಲ್ಲ, ನಮ್ಮ ಹರಿವೆ, ಬೆಂಡೆ, ಸೌತೆ ಬಳ್ಳಿಗೆ ಬೇರೆ ಗೊಬ್ಬರ ಬೇಡ. ನೆರೆ ಇಳಿದ ಮೇಲೆ ಅಂಗಳದಲ್ಲಿ ಉಳಿಯುವ ನುಣ್ಣಗಿನ ಮಣ್ಣನ್ನು ನಮ್ಮಲ್ಲಿ ಯಾರೂ ಗುಡಿಸಿ ಬಿಸಾಡುತ್ತಿರಲಿಲ್ಲ. ಅಡಿಕೆ ಹಾಳೆಯಲ್ಲಿ ಬಾಚಿ ತರಕಾರಿ ಸಾಲಿಗೆ ಹಾಕುತ್ತಿದ್ದೆವು. ಅದಕ್ಕೆ ಕೊಳೆತ ಎಲೆಯ, ಒದ್ದೆ ತೊಗಟೆಯ, ನಾವು ನೋಡಿಯೇ ಇಲ್ಲದ ಕಾಡಿನ ವಾಸನೆ. ಘಟ್ಟದಿಂದ ಹೊಳೆ ಕಟ್ಟಿಕೊಂಡು ಬಂದ ಬುತ್ತಿ ಅದು ಎನ್ನುತ್ತಿದ್ದಳು ಅಜ್ಜಿ.

ಒಂದು ವರ್ಷ ಬೆಳಿಗ್ಗೆ ಬಾಟಲಿ ನೋಡಿದ ಅಜ್ಜಿಯ ಮುಖ ಗಂಟಾಯಿತು.

"ಇದೆಂತ ಮಗಾ, ಬಾವಿ ನೀರು ತುಂಬಿಸಿದ್ದಾ?"

"ಅಲ್ಲ ಅಜ್ಜಿ, ಹೊಳೆದೇ. ಬೇಕಾದ್ರೆ ಶಶಿಯನ್ನು ಕೇಳಿ."

ಬಾಟಲಿಯ ತಳದಲ್ಲಿ ನೂಲಿನಷ್ಟು ಮಣ್ಣು. ಅಜ್ಜಿ ಅದನ್ನು ಬೆಳಕಿಗೆ ಹಿಡಿದಳು, ತಿರುಗಿಸಿದಳು, ಕೊನೆಗೆ ನೀರನ್ನು ತುಳಸಿಗೆ ಚೆಲ್ಲಿದಳು. "ಈ ಸಲ ಕೈ ಬೀಸಿಕೊಂಡು ಬಂದದ್ದು ಮಾರಾಯ್ತಿ," ಎಂದಳು. ಮಕ್ಕಳಿರುವ ಮನೆಗೆ ಒಂದು ಬಿಸ್ಕಿಟ್ ಪೊಟ್ಟಣವೂ ಇಲ್ಲದೆ ಬಂದ ನೆಂಟರ ಬಗ್ಗೆ ಹೇಳುವ ಹಾಗೆಯೇ ಹೇಳಿದಳು.

ಮೇಲೆ ಹೊಸ ಅಣೆಕಟ್ಟು ಎದ್ದ ವರ್ಷ ಅದು. ಮೊದಲೊಂದು ಸಣ್ಣದಿತ್ತು, ಇದು ಅದಕ್ಕಿಂತ ಎತ್ತರ. ಪೇಟೆಗೆ ಕುಡಿಯುವ ನೀರು ಬೇಕಿತ್ತು, ಬೇಡ ಎನ್ನಲು ಯಾರಿಗೆ ಬಾಯಿ ಉಂಟು? ನಮಗೆ ಮಕ್ಕಳಿಗಂತೂ ಖುಷಿಯೇ ಆಯಿತು. ದೀಪಾವಳಿ ಕಳೆದು ಹೊಳೆಗೆ ಇಳಿದರೆ ನೀರು ತಿಳಿಯಾಗಿತ್ತು, ನಮ್ಮ ಕಾಲುಗಳು ಮೊದಲ ಸಲ ನಮಗೆ ಕಂಡವು. ಬೆರಳು ಆಡಿಸಿ ನೋಡಿ ಇಬ್ಬರೂ ನಕ್ಕೆವು. ಆಮೇಲೆ ಕೆದಕಿದೆವು. ಕೆಸರು ಇರಬೇಕಾದಲ್ಲಿ ಬರಿ ಮರಳು ತಗುಲಿತು. ಸಿಕ್ಕಿದ ಮರುವಾಯಿ ಉಗುರಿನಷ್ಟು, ಅದರಲ್ಲೂ ಕೆಲವು ಖಾಲಿ ಚಿಪ್ಪು.

ಬಾಬಣ್ಣ ದಿನವೂ ಮುಳುಗುತ್ತಿದ್ದ, ದಿನವೂ ಬುಟ್ಟಿ ಹಗುರಾಗುತ್ತಿತ್ತು. ಒಂದು ಸಂಜೆ ನಮ್ಮ ಜಗಲಿಯಲ್ಲಿ ಕೂತು ಅವನು ಅಜ್ಜಿಗೆ ಹೇಳಿದ, "ಇನ್ನು ಒಂದು ನಾಲ್ಕು ತಿಂಗಳು ನೋಡ್ತೇನೆ. ಆಗದಿದ್ರೆ ಬೈಕಂಪಾಡಿಯಲ್ಲಿ ಗೋಡೌನಿನ ಕೆಲಸ ಉಂಟಂತೆ. ಅಲ್ಲೇ ರೂಮು ಮಾಡಿ ಹೋಗುದು."

ನಾನು ಕಂಬದ ಹಿಂದೆ ನಿಂತಿದ್ದೆ. ಬೈಕಂಪಾಡಿ ಎಂದರೆ ನನಗೆ ಅಪ್ಪನ ದಮ್ಮಾಮಿನಷ್ಟೇ ದೂರ. ಹೋದವರು ಫೋನಿನಲ್ಲಿ ಮಾತ್ರ ಉಳಿಯುತ್ತಾರೆ ಎಂದು ಗೊತ್ತಿದ್ದ ಮಗು ನಾನು.

"ಮರುವಾಯಿಗೆ ಹೊಟ್ಟೆಗೆ ಎಂತದೂ ಸಿಗುದಿಲ್ಲ ಬಾಬಾ," ಎಂದು ಅಜ್ಜಿ ಹೇಳಿದ್ದು ಕೇಳಿಸಿತು. "ಬುತ್ತಿಯೆಲ್ಲ ಮೇಲೆಯೇ ಉಳಿಯಿತು."

ಮರುದಿನ ಶಾಲೆಯ ದಾರಿಯಲ್ಲಿ ಅದನ್ನೇ ಶಶಿಗೆ ಹೇಳಿದೆ. ಅವಳಿಗೆ ಯೋಚನೆಗೆ ಹೊತ್ತೇ ಬೇಕಾಗಲಿಲ್ಲ.

"ಹಾಗಾದ್ರೆ ನಾವು ಊಟ ಹಾಕುವ."

ಊಟ ಎಂದರೆ ಅಕ್ಕಚ್ಚು. ಅಕ್ಕಿ ತೊಳೆದ ನೀರು, ಗಂಜಿ ತಿಳಿ, ತರಕಾರಿ ಸಿಪ್ಪೆ ಎಲ್ಲ ಸೇರಿಸಿ ದನಕ್ಕೆ ಇಡುವ ಬಾಲ್ದಿ ಪ್ರತಿ ಮನೆಯಲ್ಲೂ ಇತ್ತು. ಗೌರಿ ಅದನ್ನು ಕುಡಿದು ಗುಂಡಗಾಗಿದ್ದಾಳೆ, ಮರುವಾಯಿ ಯಾಕೆ ಆಗಬಾರದು? ಅಜ್ಜಿ ಸಂಜೆ ಸ್ನಾನಕ್ಕೆ ಹೋದ ಹೊತ್ತಿನಲ್ಲಿ ನಾವಿಬ್ಬರೂ ಬಾಲ್ದಿಯ ಎರಡು ಬದಿ ಹಿಡಿದು ಹೊಳೆಗೆ ಒಯ್ದು, ಶಶಿ ಗುರುತಿಟ್ಟ ಜಾಗದಲ್ಲಿ ಮೆಲ್ಲ ಸುರಿಯುತ್ತಿದ್ದೆವು. ಬಿಳಿ ನೀರು ಒಂದು ಗಳಿಗೆ ಹರಡಿಕೊಂಡು ನಿಲ್ಲುತ್ತಿತ್ತು, ಆಮೇಲೆ ಹೊಳೆ ಅದನ್ನು ಕರಗಿಸಿಕೊಳ್ಳುತ್ತಿತ್ತು. "ತಿಂದಿತು," ಎನ್ನುತ್ತಿದ್ದಳು ಶಶಿ. ನನಗೂ ಹಾಗೆಯೇ ಅನಿಸುತ್ತಿತ್ತು.

ಗೌರಿಯ ಹಾಲು ಕಡಿಮೆಯಾಯಿತು. ಅಜ್ಜಿ ದೃಷ್ಟಿಯಾಗಿದೆ ಎಂದು ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದಳು. ಮೆಣಸಿನ ಘಾಟಿಗೆ ನಾವೂ ಕೆಮ್ಮಿದೆವು, ಗೌರಿಯೂ ಸೀನಿದಳು, ಹಾಲು ಮಾತ್ರ ಏರಲಿಲ್ಲ. ಕೊನೆಗೊಂದು ಸಂಜೆ ಬಾಲ್ದಿ ಹಿಡಿದು ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಅಜ್ಜಿಯ ಸ್ವರ ಬಂತು.

"ಎಲ್ಲಿಗೆ ಮೆರವಣಿಗೆ?"

ಶಶಿಯೇ ಹೇಳಿದಳು, "ಮರುವಾಯಿಗೆ ಅಜ್ಜೀ. ಅದು ಬೆಳೆದ್ರೆ ನಾವು ಬೈಕಂಪಾಡಿಗೆ ಹೋಗ್ಲಿಕ್ಕಿಲ್ಲ."

ಅಜ್ಜಿ ಕಲ್ಲಿನ ಮೆಟ್ಟಿಲಲ್ಲಿ ಕೂತುಬಿಟ್ಟಳು. "ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ!" ಎಂದು ನಗಲು ಹೊರಟವಳು ಅರ್ಧದಲ್ಲಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಬಯ್ಯಲಿಲ್ಲ. "ಬೆಳಗಿನದ್ದು ಗೌರಿಗೆ. ಸಂಜೆಯದ್ದು ಹೊಳೆಗೆ. ಕಾಲು ಜಾರೀತು, ಜಾಗ್ರತೆ," ಎಂದು ಎದ್ದು ಹೋದಳು. ಅಂದಿನಿಂದ ಸಂಜೆಯ ಬಾಲ್ದಿಯಲ್ಲಿ ಹಿಡಿ ತೌಡೂ ಇರುತ್ತಿತ್ತು.

ಪರೀಕ್ಷೆ ಮುಗಿಯುವ ಹೊತ್ತಿಗೆ ಲೀಲಕ್ಕ ಒಂದು ಪಾತ್ರೆ ಮರುವಾಯಿ ಪುಂಡಿ ಕಳಿಸಿದಳು. ಪುಂಡಿಯೇ ಜಾಸ್ತಿ. ಚಿಪ್ಪಿನೊಳಗೆ ಅಕ್ಕಿ ಕಾಳಿನಷ್ಟು ಮಾಂಸ. ನಾನು ಶಬ್ದ ಮಾಡಿ ಹೀರಿದೆ, ಬಾಯಿಗೆ ಮಸಾಲೆ ನೀರು ಮಾತ್ರ ಬಂತು. ಅಮ್ಮ ಆ ದಿನ ಶಬ್ದ ಮಾಡಬೇಡ ಎನ್ನಲಿಲ್ಲ. ಅದು ಬೀಳ್ಕೊಡುವ ಊಟ ಎಂದು ದೊಡ್ಡವರಿಗೆ ಗೊತ್ತಿತ್ತು.

ಟೆಂಪೋ ಬಂದಾಗ ಶಶಿ ಮುಂದಿನ ಸೀಟಿನಲ್ಲಿ ಕೂತಳು. ಟೆಂಪೋದಲ್ಲಿ ಹೋಗುವ ಗಮ್ಮತ್ತಿಗೆ ಅವಳ ಮುಖ ಅರಳಿತ್ತು. ನನಗೆ ಅದೇ ಹೆಚ್ಚು ನೋವಾಯಿತು. ಹೊರಡುವಾಗ ಕಿಟಕಿಯಿಂದ ತಲೆ ಹಾಕಿ, "ಅಕ್ಕಚ್ಚು ಮರೆಯಬೇಡ ಆಯ್ತಾ," ಎಂದಳು. ಅವರ ಅಂಗಳದಲ್ಲಿ ಸುಣ್ಣ ಸುಡುವವರು ಒಯ್ಯದೆ ಉಳಿದ ಚಿಪ್ಪಿನ ರಾಶಿ ಬಿಸಿಲಿಗೆ ಹೊಳೆಯುತ್ತಿತ್ತು.

ಆ ರಜೆಯಷ್ಟು ಉದ್ದದ ರಜೆಯನ್ನು ನಾನು ಮತ್ತೆ ಕಂಡಿಲ್ಲ. ಸಂಜೆ ಒಬ್ಬಳೇ ಬಾಲ್ದಿ ಎತ್ತಲಾಗದೆ ಚೆಂಬಿನಲ್ಲಿ ಒಯ್ದು ಸುರಿಯುತ್ತಿದ್ದೆ. "ತಿಂದಿತು," ಎಂದು ನಾನೇ ಹೇಳಿಕೊಂಡರೆ ನನ್ನ ಸ್ವರವೇ ನನಗೆ ವಿಚಿತ್ರ ಕೇಳುತ್ತಿತ್ತು. ಅಳು ಬಂದ ದಿನ ಅಲ್ಲೇ ಮುಖ ತೊಳೆಯುತ್ತಿದ್ದೆ. ಬೇಸಿಗೆಯಲ್ಲಿ ಮೇಲಿನಿಂದ ನೀರೇ ಇಳಿಯುತ್ತಿರಲಿಲ್ಲವಾದ್ದರಿಂದ ಕಡಲ ನೀರು ಏರಿ ಹೊಳೆಯೂ ಉಪ್ಪಾಗಿತ್ತು.

ಕಾಲೇಜಿಗೆ ಬಂದ ಮೇಲೆ ಪಾಠದಲ್ಲಿ ಇದೆಲ್ಲ ಬಂತು. ಹರಿಯುವ ನೀರು ನಿಂತರೆ ಹೊತ್ತು ತಂದದ್ದನ್ನು ಕೆಳಗಿಳಿಸುತ್ತದೆ. ಎಲೆ, ಮಣ್ಣು, ಮಣ್ಣಿಗೆ ಅಂಟಿದ ಸಾರ, ಎಲ್ಲ ಅಣೆಕಟ್ಟಿನ ಗೋಡೆಯ ಹಿಂದೆ ಕೂರುತ್ತದೆ. ಅಲ್ಲಿ ಅದು ಅಜೀರ್ಣವಾಗಿ ನೀರು ಹಸಿರುಗಟ್ಟುತ್ತದೆ. ಇಲ್ಲಿ ಕೆಳಗೆ ಕಣ್ಣಿಗೆ ಕಾಣದ ಪಾಚಿಗೂ ಆಹಾರವಿಲ್ಲ, ಆ ಪಾಚಿಯನ್ನು ಸೋಸಿ ತಿನ್ನುವ ಮರುವಾಯಿಗೂ ಇಲ್ಲ, ಮರುವಾಯಿ ತಿನ್ನುವ ನಮಗೂ ಇಲ್ಲ. ಮೇಷ್ಟ್ರು ಬೋರ್ಡಿನಲ್ಲಿ ಬಾಣದ ಗುರುತು ಹಾಕಿ ಮರುವಾಯಿಗೇ ನಿಲ್ಲಿಸಿದರು. ನಾನು ಇನ್ನೊಂದು ಬಾಣ ಹಾಕಿ ಕೊನೆಗೆ ಶಶಿ ಎಂದು ಬರೆಯಬೇಕಿತ್ತು ಅಂದುಕೊಂಡೆ.

ಮೊನ್ನೆ ಯಾರಿಂದಲೋ ನಂಬರು ಪಡೆದು ಶಶಿ ಫೋನ್ ಮಾಡಿದಳು. ಗಂಡ, ಮಕ್ಕಳು, ಅಮ್ಮನ ಮಂಡಿನೋವು ಎಲ್ಲ ಹೇಳಿ ಮುಗಿದ ಮೇಲೆ ಕೇಳಿದಳು.

"ನೀನು ಮತ್ತೆ ಅಕ್ಕಚ್ಚು ಹಾಕಿದ್ದೀಯಾ?"

"ಹಾಕಿದ್ದೆ. ಅಜ್ಜಿ ಇರುವವರೆಗೆ. ಆಮೇಲೆ ಬಾವಿಯೂ ಉಪ್ಪಾಯ್ತು, ನಾವು ಈಚೆ ಪೇಟೆಗೆ ಬಂದೆವು."

"ನಾನೂ ಹಾಕ್ತಿದ್ದೆ ಮಾರಾಯ್ತಿ. ಬೈಕಂಪಾಡಿಯಲ್ಲಿ ಮನೆ ಹಿಂದೆ ಒಂದು ನೀರಿನ ತೋಡು ಇತ್ತು, ಅದಕ್ಕೆ. ಹೇಗಾದ್ರೂ ನಿಮ್ಮಲ್ಲಿಗೆ ಬರ್ತದೆ ಅಂತ ನನ್ನ ಲೆಕ್ಕ."

ಆ ತೋಡು ನಮ್ಮ ಹೊಳೆಗೆ ಬರುವುದಲ್ಲ, ಫಲ್ಗುಣಿ ಹೊಳೆಗೆ ಹೋಗುವುದು. ಎರಡು ಹೊಳೆಗಳು ಸೇರುವುದು ಸಮುದ್ರದ ಬಾಯಿಯಲ್ಲಿ, ಅಳಿವೆಯ ಹತ್ತಿರ ಮಾತ್ರ ಎಂದು ಹೇಳಿದೆ.

"ಹಾಗಾದ್ರೆ ಅಲ್ಲಿ ಒಂದಕ್ಕೊಂದು ಸಿಕ್ಕಿರ್ಬಹುದು," ಎಂದಳು. ಆಮೇಲೆ ಮಕ್ಕಳು ಕರೆದರು. "ಒಮ್ಮೆ ಸಿಗುವ," ಎಂದಳು. "ಸಿಗುವ," ಎಂದೆ. ಬಿಜೈಯ ನನ್ನ ಫ್ಲ್ಯಾಟಿನಿಂದ ಬೈಕಂಪಾಡಿ ದಮ್ಮಾಮಿನಷ್ಟು ದೂರವಿಲ್ಲ ಎಂದು ಈಗ ಗೊತ್ತು. ಇಬ್ಬರೂ ಹೋಗಿಲ್ಲ.

ನನ್ನ ನಲ್ಲಿಯಲ್ಲಿ ಬರುವುದು ಆ ಅಣೆಕಟ್ಟಿನದೇ ನೀರು. ಬಾಟಲಿಯಲ್ಲಿ ಹಿಡಿದಿಟ್ಟರೆ ಬೆಳಗಾದರೂ ತಳದಲ್ಲಿ ಏನೂ ಕೂರುವುದಿಲ್ಲ. ಸಂಜೆ ಅದರಲ್ಲಿ ಅಕ್ಕಿ ತೊಳೆದು, ಬಿಳಿ ನೀರನ್ನು ಸಿಂಕಿಗೆ ಸುರಿಯುವ ಮೊದಲು ಈಗಲೂ ಒಂದು ಗಳಿಗೆ ಕೈ ತಡೆಯುತ್ತದೆ. ಒಬ್ಬಳಿಗೆ ಬೇಕಾಗುವುದು ಒಂದು ಹಿಡಿ ಅಕ್ಕಿ. ಅದರ ಅಕ್ಕಚ್ಚು ಒಂದು ಲೋಟವೂ ಆಗುವುದಿಲ್ಲ.